ಪಾಲಿಗೆ ಉಪಕಾರ ಹೇಳಬಾರದು

“ಕೂತ್ಕೊಳ್ಳಮ್ಮ, ಅವಸರ ಯಾಕೆ? ಮಧ್ಯಾಹ್ನಕ್ಕೆ ಏನಿದೆ ಅಂದ್ರೆ ನಾನೇನು ಹೇಳ್ಲಿ, ದೋಣಿ ಇನ್ನೂ ಬಂದಿಲ್ಲ. ದೋಣಿ ತಂದದ್ದೇ ನನ್ನ ಅಡುಗೆ. ಬೂತಾಯಿ ಬಂದ್ರೆ ಕಾಡು ಸೋಂಪಿನ ಸೊಪ್ಪು ಹಾಕಿ ಪಾಸ್ತಾ ಮಾಡ್ತೀನಿ. ಬಂಗುಡೆ ಬಂದ್ರೆ ಕೆಂಡದ ಮೇಲೆ ಸುಟ್ಟು ನಿಂಬೆಹಣ್ಣು ಹಿಂಡ್ತೀನಿ. ಏನೂ ಬರದಿದ್ರೆ ಬದನೆಕಾಯಿ ಇದೆ, ದೇವರು ದೊಡ್ಡೋನು. ನಾನೂ ನಿಮ್ಹಾಗೇ ಈ ಊರು ನೋಡೋಕೆ ಅಂತ ಬಂದವಳು ಕಣಮ್ಮ. ನಮ್ಮದು ಗುಡ್ಡದ ಮೇಲಿನ ಊರು, ಗೋಧಿ ಸೀಮೆ. ಸಮುದ್ರ ಅಂದ್ರೆ ದೂರದಲ್ಲಿ ಒಂದು ನೀಲಿ ಗೆರೆ, ಅಷ್ಟೇ. ಒಂದ್ಸಲ ಕಾಲು ಒದ್ದೆ ಮಾಡ್ಕೊಂಡು ಹೋಗೋಣ ಅಂತ ಅಕ್ಕನ ಜೊತೆ ಬಂದೆ. ದೋಣಿ ಹೊರಟಿತ್ತು. ಒಂದು ಒಳ್ಳೆ ಮಾತಾಡೋಣ ಅಂತ ‘ಬಲೆ ತುಂಬಾ ಮೀನು ಸಿಗ್ಲಿ’ ಅಂತ ಕೂಗ್ಬಿಟ್ಟೆ. ಅಯ್ಯೋ! ಹೊರಟ ದೋಣಿ ತಿರುಗಿ ದಡಕ್ಕೆ ಬಂತು. ಒಬ್ಬ ಇಳಿದು ಬಂದು, ‘ಏ ಹುಡುಗಿ, ನಿನ್ನ ಬಾಯಿಗೆ ಮಣ್ಣು ಹಾಕ! ಹಾಗೆ ಹಾರೈಸಿದ್ರೆ ಒಂದು ಮೀನೂ ಬೀಳಲ್ಲ. ಇವತ್ತಿನ ದುಡಿಮೆ ಹೋಯ್ತು, ಈಗ ನೀನೇ ಊಟ ಹಾಕು’ ಅಂದ. ಬುತ್ತೀಲಿದ್ದ ಬ್ರೆಡ್ಡು, ಕುರಿಹಾಲಿನ ಚೀಸು ಕೊಟ್ಟೆ. ತಿಂದ. ಆಮೇಲೆ ಅವನು ಸಾಯೋವರೆಗೂ ನಾನೇ ಹಾಕ್ದೆ.”

ಹೀಗೆ ಹೇಳಿ ವೆನೆರಾ ನಕ್ಕಳು. ಸಿಸಿಲಿ ನೋಡಲೆಂದು ಉತ್ತರದಿಂದ ಬಂದು ಅವಳ ಮಹಡಿಯ ಕೋಣೆಯಲ್ಲಿ ಇಳಿದುಕೊಂಡಿದ್ದ ಗಂಡಹೆಂಡಿರೂ ನಕ್ಕರು. ಹಳೆಯ ಕಾವಲು ಗೋಪುರ ಹತ್ತಿ, ಒಂದಷ್ಟು ಈಜಾಡಿ ಊಟದ ಹೊತ್ತಿಗೆ ಬರುತ್ತೇವೆಂದು ಮರಳಿನ ಕಡೆ ನಡೆದರು. ಅವರು ಮರೆಯಾಗುವವರೆಗೆ ವೆನೆರಾ ನಗುಮುಖ ಹೊತ್ತು ನಿಂತಿದ್ದಳು. ಆಮೇಲೆ ತಲೆಯ ಹೊರೆ ಇಳಿಸುವ ಹಾಗೆ ಅದನ್ನು ಇಳಿಸಿದಳು.

ಸ್ಕಾಲೆಟ್ಟಾ ಎಂಬ ಆ ಊರಿನ ದಡದಲ್ಲಿ ಹಿಡಿದ ಮೀನನ್ನು ಮಾರುವ ಮೊದಲು ಪಾಲು ಹಾಕುತ್ತಾರೆ. ದೋಣಿಗೊಂದು ಗುಡ್ಡೆ, ಬಲೆಗೊಂದು, ದುಡಿದವರಿಗೆ ಒಂದೊಂದು. ದೋಣಿಯವರಲ್ಲಿ ಯಾರಾದರೂ ತೀರಿಕೊಂಡರೆ ಒಂದು ವರ್ಷ ಅವನ ಹೆಸರಿನ ಗುಡ್ಡೆ ಹಾಗೇ ಬೀಳುತ್ತದೆ. ಆಳು ಹೋದ ದಿನವೇ ಮನೆಯ ಒಲೆಯೂ ಆರಬಾರದು ಎಂದು ಹಿಂದಿನವರು ಮಾಡಿಟ್ಟದ್ದು. ವೆನೆರಾಳ ಗಂಡ ಲಿಬೋರಿಯೊನ ವರ್ಷದ ಪೂಜೆ ಹೋದ ಭಾನುವಾರ ಇಗರ್ಜಿಯಲ್ಲಿ ಮುಗಿದಿತ್ತು. ಆಮೇಲೆ ಎರಡು ದಿನ ಗಾಳಿಯಿಂದಾಗಿ ದೋಣಿ ಇಳಿದಿರಲಿಲ್ಲ. ಇವತ್ತೇ ಮೊದಲು.

ವೆನೆರಾಳ ಊಟದಂಗಡಿ ಎಂದರೆ ಚಪ್ಪರದ ಕೆಳಗೆ ನಾಲ್ಕು ಮೇಜು. ಆ ಪಾಲಿನ ಮೀನಿನಿಂದಲೇ ಅದು ನಡೆಯುತ್ತಿತ್ತು. ಪೇಟೆಯ ವ್ಯಾಪಾರಿಗಳ ಜೊತೆ ಹರಾಜು ಕೂಗಿ ಕೊಳ್ಳುವ ಶಕ್ತಿ ಅವಳಿಗಿಲ್ಲ. ಮರದಿಂದ ಬಾದಾಮಿ ಬಡಿದು ಉದುರಿಸುವ ಕಾಲ ಬಂತು, ಅಂಗಡಿ ಮುಚ್ಚಿ ಬಂದುಬಿಡು, ಮೂಲೆಯ ಕೋಣೆ ಖಾಲಿ ಇದೆ ಎಂದು ಗುಡ್ಡದ ಊರಿನಿಂದ ಅಣ್ಣ ಹೇಳಿ ಕಳಿಸಿದ್ದ. ಹೋಗುವುದೋ ಇರುವುದೋ, ಇವತ್ತಿನ ದಡದಲ್ಲಿ ತಿಳಿಯಬೇಕು.

ಒಂದು ವರ್ಷ ಅವಳು ಆ ಪಾಲನ್ನು ಎರಡೂ ಕೈಯೊಡ್ಡಿ ತೆಗೆದುಕೊಂಡಿದ್ದಳು. ಪ್ರತಿಸಲವೂ “ಉಪಕಾರ ಆಯ್ತಪ್ಪ, ನಿಮ್ಮ ಹೊಟ್ಟೆ ತಣ್ಣಗಿರ್ಲಿ” ಎನ್ನುತ್ತಿದ್ದಳು. ಅದನ್ನು ಕೇಳಿದಾಗಲೆಲ್ಲ ದೋಣಿಯ ಹಿರಿಯ ಒರಾತ್ಸಿಯೊ ನಿಂಬೆಹಣ್ಣು ಕಚ್ಚಿದವನಂತೆ ಮುಖ ಹಿಂಡಿ ಆಚೆ ತಿರುಗುತ್ತಿದ್ದ. ಕೊಡಲು ಮನಸ್ಸಿಲ್ಲ ಪಾಪ, ಪದ್ಧತಿಗಾಗಿ ಕೊಡುತ್ತಾನೆ ಎಂದುಕೊಂಡಳು ವೆನೆರಾ. ಋಣ ಇಟ್ಟುಕೊಳ್ಳಬಾರದು ಎಂದು ಮಧ್ಯಾಹ್ನದ ಪಾತ್ರೆ ತೊಳೆದ ಮೇಲೆ ಅವರ ಹರಿದ ಬಲೆಗಳನ್ನು ಮಡಿಲಿಗೆ ಎಳೆದುಕೊಂಡು ಹೊಲಿಯುತ್ತ ಬಂದಿದ್ದಳು.

ದೋಣಿ ಬಂತು. ಅವಳು ಬುಟ್ಟಿ ಹಿಡಿದು, ಕೊಳ್ಳುವವರು ನಿಲ್ಲುವ ಗೋಡೆಯ ಪಕ್ಕ ನಿಂತಳು.

“ಅಕ್ಕಾ, ಅಲ್ಯಾಕೆ ನಿಂತೆ, ಒಣಗೋಕೆ ಇಟ್ಟ ಟೊಮೇಟೊ ಥರ?” ಎಂದು ದೋಣಿಯ ಒಡೆಯ ಗಾಸ್ಪರೆ ಕೂಗಿದ.

“ಇಲ್ಲೇ ಸರಿಯಪ್ಪ. ವರ್ಷ ಮುಗೀತಲ್ಲ.”

ಅವನು ಒದ್ದೆ ಹಾಯಿಬಟ್ಟೆಯ ಮೇಲೆ ಬೂತಾಯಿಯನ್ನು ಗುಡ್ಡೆ ಹಾಕಿದ. ಒರಾತ್ಸಿಯೊ ಗುಡ್ಡೆಗಳಿಗೆ ಬೆನ್ನು ಮಾಡಿ ಸಮುದ್ರ ನೋಡುತ್ತ ನಿಂತ. ಬೆನ್ನಿಗೆ ಕಣ್ಣಿಲ್ಲ, ಹಾಗಾಗಿ ಮೋಸವೂ ಇಲ್ಲ. ಗಾಸ್ಪರೆ ಒಂದೊಂದು ಗುಡ್ಡೆಗೆ ಬೆರಳಿಟ್ಟು ಕೇಳುವುದು, ಮುದುಕ ಹೆಸರು ಹೇಳುವುದು.

“ಇದ್ಯಾರದ್ದು?”

“ದೋಣೀದು.”

“ಇದು?”

“ಸಾಂತೊಂದು.”

“ಇಷ್ಟೇನಾ?” ಎಂದು ಗೊಣಗಿದ ಸಾಂತೊ, ದೋಣಿಯಲ್ಲಿ ಎಲ್ಲರಿಗಿಂತ ಕಿರಿಯವನು. “ನಮ್ಮತ್ತೆ ಒಬ್ಳೇ ತಿಂದು ಮುಗಿಸ್ತಾಳೆ.”

ಹೀಗೆ ಒಬ್ಬೊಬ್ಬರೂ ತಮ್ಮ ಪಾಲನ್ನು ಬೈದುಕೊಂಡೇ ಬಾಚಿಕೊಂಡರು. ಕೊನೆಗೆ ಒಂದು ಗುಡ್ಡೆ ಉಳಿಯಿತು. ವೆನೆರಾಳಿಗೆ ಸಂಕಟವಾಯಿತು. “ಗಾಸ್ಪರೆ, ಅಭ್ಯಾಸಬಲಕ್ಕೆ ಒಂದು ಹೆಚ್ಚು ಹಾಕಿದ್ದೀಯ ನೋಡು,” ಎಂದಳು.

ಗಾಸ್ಪರೆ ಅದರ ಮೇಲೆ ಬೆರಳಿಟ್ಟ. “ಇದ್ಯಾರದ್ದು, ಮಾಮ?”

“ವೆನೆರಾದು,” ಎಂದ ಮುದುಕ.

‘ಲಿಬೋರಿಯೊಂದು’ ಎನ್ನಲಿಲ್ಲ. ಬೆನ್ನು ತಿರುಗಿಸಿಕೊಂಡೇ, ಸಮುದ್ರಕ್ಕೆ ಹೇಳುವಂತೆ ಹೇಳಿದ. “ಸತ್ತವನ ಪಾಲು ಭಾನುವಾರಕ್ಕೆ ಮುಗೀತು. ಇದು ಬಲೆ ಹೊಲಿಯೋರ ಪಾಲು. ನಮ್ಮಪ್ಪನ ಕಾಲದಲ್ಲಿ ಇತ್ತು. ಆಮೇಲೆ ನಾವ್ನಾವೇ ಹೊಲ್ಕೊಂಡ್ವಿ, ಅದಕ್ಕೆ ನಿಂತಿತ್ತು. ಈಗ ಹೊಲಿಯೋರು ಇದ್ದಾರೆ.”

“ಹೊಲಿಯೋದೇನು ಬಂತು,” ಎಂದ ಸಾಂತೊ. “ಚಿಕ್ಕಮ್ಮ ಹಾಕೋದು ಗೋಧಿ ಹೊರೆ ಕಟ್ಟೋ ಗಂಟು. ಮೀನಿರ್ಲಿ, ನಮಗೇ ಬಿಚ್ಚೋಕೆ ಬರಲ್ಲ.”

ವೆನೆರಾ ಬುಟ್ಟಿ ಕೆಳಗಿಟ್ಟಳು. ಗೋಡೆ ಬಿಟ್ಟು ಬಂದು ಹಾಯಿಬಟ್ಟೆಯ ಮುಂದೆ ಮಂಡಿಯೂರಿದಳು. “ಮಾಮ, ನಿಮ್ಮ ಉಪಕಾರ...”

“ಸಾಕು ಮಾಡು!” ಒರಾತ್ಸಿಯೊ ಈಗ ತಿರುಗಿದ. “ವರ್ಷವಿಡೀ ಕೇಳಿ ಕೇಳಿ ಕಿವಿ ಸುಟ್ಟುಹೋಗಿದೆ. ಉಪಕಾರ ಅಂತ ಭಿಕ್ಷೆಯೋರು ಹೇಳ್ತಾರೆ. ದೋಣಿಯೋರು ಪಾಲಿಗೆ ಉಪಕಾರ ಹೇಳ್ತಾರೇನೇ? ನಿನ್ನ ಗಂಡ ಒಂದು ದಿನವಾದ್ರೂ ಹೇಳಿದ್ದು ಕೇಳಿದ್ದೀಯಾ?”

ಕೇಳಿರಲಿಲ್ಲ. ಲಿಬೋರಿಯೊ ಮನೆಯ ಬಾಗಿಲವರೆಗೂ ಗೊಣಗುತ್ತಲೇ ಬರುತ್ತಿದ್ದ. ಮುದುಕ ಮುಖ ಹಿಂಡುತ್ತಿದ್ದುದು ಕೊಡಲಾರದೆ ಅಲ್ಲ. ತಮ್ಮವಳೇ ಬೇಡುವವಳ ಹಾಗೆ ಕೈಯೊಡ್ಡಿದ್ದನ್ನು ನೋಡಲಾರದೆ. ಇಷ್ಟು ದಿನದ ಮೇಲೆ ಅದು ಅವಳಿಗೆ ಹೊಳೆಯಿತು. ತಾನು ತೀರಿಸುತ್ತಿದ್ದೇನೆ ಎಂದುಕೊಂಡದ್ದನ್ನು ಅವರು ದುಡಿಮೆ ಎಂದು ಎಣಿಸಿದ್ದರು. ಎದೆ ತುಂಬಿ ಬಂದ ಮಾತನ್ನು ಹೇಳುವಂತಿಲ್ಲ, ನುಂಗುವಂತೆಯೂ ಇಲ್ಲ. ಎಲ್ಲರೂ ಅವಳ ಬಾಯಿಯನ್ನೇ ನೋಡುತ್ತಿದ್ದರು.

ಅವಳು ಒಂದು ಬೂತಾಯಿಯನ್ನು ಬಾಲ ಹಿಡಿದು ಎತ್ತಿದಳು.

“ಇಷ್ಟೇನಾ?” ಎಂದಳು. ಮೀನನ್ನು ಎಲ್ಲರಿಗೂ ಕಾಣುವಂತೆ ಆಡಿಸಿದಳು. “ಇದೇನು ಮೀನೋ, ಹೊಲಿಯೋ ಸೂಜಿಯೋ? ಬೆಕ್ಕಿಗೆ ಹಾಕಿದ್ರೆ ಬೆಕ್ಕು ನನ್ನನ್ನ ಬೈಯುತ್ತೆ!”

ದಡದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಒರಾತ್ಸಿಯೊ ನಗಲಿಲ್ಲ. ಟೋಪಿ ಸರಿಮಾಡಿಕೊಂಡು, “ನಾಳೆಯಿಂದ ಬೇಗ ಬಾ. ಗೋಡೆ ಹತ್ರ ನಿಲ್ಲಬೇಡ,” ಎಂದ.

ಅಣ್ಣನಿಗೆ ಬಾದಾಮಿ ಬಡಿಯಲು ಬೇರೆ ಆಳು ನೋಡಿಕೋ ಎಂದು ಹೇಳಿ ಕಳಿಸಬೇಕು. ಅದು ಸಂಜೆಗಿರಲಿ. ವೆನೆರಾ ಚಪ್ಪರದ ಕೆಳಗೆ ಕುಳಿತು ಸೊಂಟಕ್ಕೊಂದು ಬಟ್ಟೆ ಕಟ್ಟಿಕೊಂಡಳು. ನೀರಿನ ಬೋಗುಣಿ ಹತ್ತಿರ ಎಳೆದುಕೊಂಡು ಒಂದೊಂದೇ ಬೂತಾಯಿಯ ತಲೆ ಮುರಿದು, ಹೆಬ್ಬೆರಳಿನಿಂದ ಹೊಟ್ಟೆ ಸೀಳಿ, ನಡುಮುಳ್ಳು ಎಳೆದು, ತೊಳೆದು ತಟ್ಟೆಗೆ ಹರವತೊಡಗಿದಳು.