ಕೊಸರು ಇಲ್ಲದ ಊರಿನ ಲೆಕ್ಕ

ಆ ಹುಡುಗಿಗೆ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಎಲ್ಲ ಬರುತ್ತಿತ್ತು. ಅಂಕಿಗಳನ್ನು ಬರೆದುಕೊಟ್ಟರೆ ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಮುಗಿಸುತ್ತಿದ್ದಳು. ‘ಒಬ್ಬ ಹಣ್ಣಿನ ವ್ಯಾಪಾರಿಯ ಬಳಿ’ ಎಂದು ಲೆಕ್ಕ ಶುರುವಾಯಿತೋ, ಉತ್ತರ ತಪ್ಪು. ನಾಲ್ಕನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದಲ್ಲಿ ಫೇಲಾಗಿದ್ದಳು. ವಾರ್ಷಿಕ ಪರೀಕ್ಷೆಯಲ್ಲೂ ಹೀಗೇ ಆದರೆ ಇನ್ನೊಂದು ವರ್ಷ ನಾಲ್ಕರಲ್ಲೇ ಕೂರಿಸುವುದಾಗಿ ಶಾಲೆಯವರು ಹೇಳಿ ಕಳಿಸಿದ್ದರು. ಒಂದನೇ ತರಗತಿಯಿಂದ ಒಂದೇ ಬೆಂಚಿನಲ್ಲಿ ಕೂತ ಗೆಳತಿ ಮುಂದೆ ಹೋಗುತ್ತಾಳೆ, ತಾನು ಹಿಂದೆ ಉಳಿಯುತ್ತೇನೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇದು 2009ರ ಸುಮಾರಿನ ಮಾತು. ಕೊಡಿಗೇಹಳ್ಳಿಯಲ್ಲಿ ಅವಳ ಅಜ್ಜಿಯ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಪತ್ರಿಕೆಯೊಂದರಲ್ಲಿ ಉಪಸಂಪಾದಕನ ಕೆಲಸ. ವರದಿಗಾರರು ಬರೆದದ್ದನ್ನು ತಿದ್ದುವುದು, ಹೆಚ್ಚಿಗೆ ಇದ್ದದ್ದನ್ನು ಹೊಡೆದುಹಾಕುವುದು. ಪಾಳಿ ಮಧ್ಯಾಹ್ನಕ್ಕಿತ್ತು, ಬೆಳಗ್ಗೆ ಬಿಡುವು. ಅಜ್ಜಿಯ ಹೊಲದಲ್ಲಿ ಆಗಲೇ ಅಪಾರ್ಟ್‌ಮೆಂಟ್ ಎದ್ದಿತ್ತು. ಹಿತ್ತಲಲ್ಲಿ ಮೂರು ಹಸು ಉಳಿದಿದ್ದವು. ಅಜ್ಜಿ ಕ್ಯಾನು ಹಿಡಿದು, ಮೊಮ್ಮಗಳು ಅಳತೆ ಪಾತ್ರೆ ಹಿಡಿದು ಬೆಳಗ್ಗೆ ಮನೆಮನೆಗೆ ಹಾಲು ಹಾಕಿ ಬರುತ್ತಿದ್ದರು. ನನ್ನ ಅರ್ಧ ಲೀಟರೂ ಅದರಲ್ಲೇ.

ಹಾಗೆ ಹಾಲು ಹಾಕಲು ಬಂದಾಗ ಅಜ್ಜಿ ಒಂದು ದಿನ ಕೇಳಿದರು, “ಸಾರ್, ಈ ಮಗೂಗೆ ಒಸಿ ಲೆಕ್ಕ ಏಳ್ಕೊಡ್ತೀರಾ?” ಒಪ್ಪಿಕೊಂಡೆ.

ಮೂರು ವಾರ ನಡೆಸಿದೆ. ಶಾಲೆಗೆ ಮುಂಚೆ ಮೆಟ್ಟಿಲ ಮೇಲೆ ಕೂರುತ್ತಿದ್ದೆವು. ನಾನು ಲೆಕ್ಕ ಬರೆದುಕೊಡುವುದು, ಅವಳು ಮಾಡುವುದು, ನಾನು ಕೆಂಪು ಪೆನ್ನಿನಲ್ಲಿ ತಿದ್ದುವುದು. ಎರಡು ಡಜನ್ ಬಾಳೆಹಣ್ಣು ಎಷ್ಟಾಯಿತು? ಇಪ್ಪತ್ತಾರು ಎಂದು ಬರೆದಿದ್ದಳು. ಕೆಂಪು ಗೆರೆ. ಇಪ್ಪತ್ತು ಲೀಟರ್ ಹಾಲನ್ನು ಮನೆಗೆ ಅರ್ಧ ಲೀಟರಿನಂತೆ ಎಷ್ಟು ಮನೆಗೆ ಹಾಕಬಹುದು? ಮೂವತ್ತಾರು. ಮತ್ತೆ ಕೆಂಪು ಗೆರೆ. ‘ಗಮನವಿಟ್ಟು ಓದು’ ಎಂದು ಪಕ್ಕದಲ್ಲಿ ಬರೆದೆ. ಅವಳು ತಲೆ ತಗ್ಗಿಸಿಕೊಂಡು ಪುಸ್ತಕ ಮುಚ್ಚಿದಳು.

ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅಜ್ಜಿ ನೋಡುತ್ತಿದ್ದರು.

“ಪೇಪರ್ನೋರು ನೀವು. ಊರೋರ್ನೆಲ್ಲ ಯಾಕೆ, ಎಂಗೆ ಅಂತ ಕೇಳ್ತೀರ. ಈ ಮಗೂನ ಒಂದ್ ಮಾತು ಕೇಳ್ಲಿಲ್ವಲ್ಲ ಸಾರ್.”

ಪುಸ್ತಕ ಮತ್ತೆ ತೆರೆಸಿ ಕೇಳಿದೆ, “ಮೂವತ್ತಾರು ಹೇಗೆ ಬಂತು, ಹೇಳು.”

“ಕೊಸರು ಹಾಕ್ಬೇಕಲ್ವಾ ಅಂಕಲ್?”

ಅಜ್ಜಿ ಅರ್ಧ ಲೀಟರ್ ಅಳೆದು ಸುರಿದ ಮೇಲೆ ಇನ್ನೊಂದಿಷ್ಟು ಹಾಲು ಸುಮ್ಮನೆ ಹಾಕುತ್ತಿದ್ದರು. ಅದಕ್ಕೆ ಹಣವಿಲ್ಲ. ನಾನೂ ದಿನಾ ಹಾಕಿಸಿಕೊಳ್ಳುತ್ತಿದ್ದೆ.

“ಹತ್ತು ಮನೆ ಮುಗಿಯೋಷ್ಟರಲ್ಲಿ ಕೊಸರಿಗೇ ಅರ್ಧ ಲೀಟರ್ ಹೋಗಿರುತ್ತೆ. ಹತ್ತು ಮನೆಗೆ ಐದೂವರೆ. ಮೂವತ್ತು ಮನೆಗೆ ಹದಿನಾರೂವರೆ. ಉಳಿದ ಮೂರೂವರೇಲಿ ಇನ್ನಾರು ಮನೆ. ಆಮೇಲೆ ತಳದಲ್ಲಿ ಒಂಚೂರು ಉಳಿಯುತ್ತೆ.”

“ಅದು ಯಾರಿಗೆ?”

“ಬೆಕ್ಕಿಗೆ.”

ಪೆನ್ನು ತೆಗೆದುಕೊಂಡು ನಾನೇ ಹಾಕಿ ನೋಡಿದೆ. ಸರಿಯಾಗಿತ್ತು. ಬೆಕ್ಕಿನ ಪಾಲು ಇನ್ನೂರು ಮಿಲಿಲೀಟರ್. ಬಾಳೆಹಣ್ಣನ್ನು ಕೇಳುವ ಅಗತ್ಯವೇ ಇರಲಿಲ್ಲ. ಡಜನ್ ಕೊಂಡರೆ ಮೇಲೊಂದು ಹಣ್ಣು ಕೊಡದ ಗಾಡಿಯವನ ಹತ್ತಿರ ಅಜ್ಜಿ ವ್ಯಾಪಾರವನ್ನೇ ಮಾಡುತ್ತಿರಲಿಲ್ಲ. ಹುಡುಗಿ ಪ್ರಶ್ನೆಯನ್ನು ಗಮನವಿಟ್ಟೇ ಓದಿದ್ದಳು. ಗಮನ ತಪ್ಪಿದ್ದು ನನ್ನದು.

ಆದರೆ ಪರೀಕ್ಷೆಯ ಉತ್ತರ ನಲವತ್ತೇ. ಅದನ್ನು ಅವಳಿಗೆ ಹೇಳುವುದು ಹೇಗೆ? ಅವಳು ಮಾಡಿದ್ದು ತಪ್ಪು ಎನ್ನಲು ಬಾಯಿ ಬರಲಿಲ್ಲ. ಕೊನೆಗೆ, “ಪುಸ್ತಕದವರ ಊರಲ್ಲಿ ಕೊಸರು ಹಾಕೋದಿಲ್ಲ ಪುಟ್ಟಿ,” ಎಂದೆ.

ಅವಳು ನಂಬಲಿಲ್ಲ. “ಯಾರೂನೂ?”

“ಯಾರೂ ಹಾಕಲ್ಲ. ಬರೆದಷ್ಟೇ ಕೊಡ್ತಾರೆ.”

“ಥೂ, ಎಂಥಾ ಜಿಪುಣರ ಊರು ಅಂಕಲ್ ಅದು!”

ಅಜ್ಜಿ ಜೋರಾಗಿ ನಕ್ಕರು. “ಅಂತಾ ಊರ್ಗೆ ನಿನ್ ಕೊಡಾಕಿಲ್ಲ ಬುಡು, ಅಮ್ಮಣ್ಣಿ.”

ಅಂದಿನಿಂದ ನಮ್ಮ ಪಾಠದ ಕ್ರಮ ಬದಲಾಯಿತು. ಲೆಕ್ಕ ಓದಿ, ಅದರಲ್ಲಿ ಹೇಳಿದಷ್ಟಕ್ಕೇ ಗೆರೆ ಎಳೆಯುವುದು. ಹೇಳದೇ ಇದ್ದದ್ದನ್ನು ಸೇರಿಸಬಾರದು. ಕಚೇರಿಯಲ್ಲಿ ಹೊಸ ವರದಿಗಾರರಿಗೆ ನಾನು ಹೇಳುತ್ತಿದ್ದದ್ದೂ ಇದನ್ನೇ. ಉತ್ತರ ಎರಡು ಬರೆಯುತ್ತಿದ್ದಳು: ಮೇಲೆ ಜಿಪುಣರ ಊರಿನದು, ಕೆಳಗೆ ನಮ್ಮೂರಿನದು. ಎರಡಕ್ಕೂ ಸರಿ ಹಾಕುತ್ತಿದ್ದೆ. ಎರಡನೆಯದನ್ನು ಪರಿಶೀಲಿಸಲು ನನಗೆ ಹೆಚ್ಚು ಹೊತ್ತು ಬೇಕಾಗುತ್ತಿತ್ತು. ಕಾಯುತ್ತಾ ಕೂತ ಅವಳು, “ಬೇಗ ಮಾಡಿ ಅಂಕಲ್, ಸ್ಕೂಲ್‌ಗೆ ಹೋಗ್ಬೇಕು,” ಎನ್ನುತ್ತಿದ್ದಳು.

ಪರೀಕ್ಷೆಯ ದಿನ ನಾನು ಕಚೇರಿಗೆ ತಡವಾಗಿ ಬರುತ್ತೇನೆಂದು ಹೇಳಿ ಮನೆಯ ಗೇಟಿನ ಬಳಿ ನಿಂತಿದ್ದೆ. ಅವಳು ಬ್ಯಾಗು ಕುಣಿಸಿಕೊಂಡು ಬಂದಳು.

“ಒಂದ್ ಲೆಕ್ಕ ಎಣ್ಣೆ ಅಳೆಯೋದು ಬಂದಿತ್ತು ಅಂಕಲ್.”

“ಯಾವ ಊರಿನ ಉತ್ತರ ಬರೆದೆ?”

“ಅವರದ್ದೇ. ನಮ್ದು ಪೆನ್ಸಿಲಲ್ಲಿ ಬರೆದು ಅಳಿಸಿಬಿಟ್ಟೆ.”

ಏಪ್ರಿಲ್‌ನಲ್ಲಿ ಫಲಿತಾಂಶ ಬಂತು. ಗಣಿತದಲ್ಲಿ ಪಾಸು. ಐದನೇ ತರಗತಿಯಲ್ಲೂ ಅದೇ ಗೆಳತಿಯ ಪಕ್ಕ.

ಆಮೇಲೆ ಆ ಮೆಟ್ಟಿಲಿಗೆ ಅಕ್ಕಪಕ್ಕದ ಮಕ್ಕಳೂ ಬಂದರು. ಆ ಮನೆ ಬಿಡುವವರೆಗೂ ಪಾಠ ನಡೆಯಿತು. ಕೆಂಪು ಗೆರೆ ಎಳೆಯುವ ಮುಂಚೆ ‘ಹೇಗೆ ಬಂತು’ ಎಂದು ಕೇಳುವುದನ್ನು ನಾನು ಮರೆಯಲಿಲ್ಲ. ಕಚೇರಿಯಲ್ಲೂ ಹಾಗೇ. ಅದನ್ನು ಕಲಿಸಿದ್ದಕ್ಕೆ ಆ ಅಜ್ಜಿಗೆ ನಾನು ಎಂದೂ ನೇರವಾಗಿ ಕೃತಜ್ಞತೆ ಹೇಳಲಿಲ್ಲ. ಇಲ್ಲಿ ಬರೆದಿಡುತ್ತಿದ್ದೇನೆ.

ಫಲಿತಾಂಶದ ಮರುದಿನ ಬೆಳಗ್ಗೆ ಹಾಲು ಹಾಕುವಾಗ ಅಜ್ಜಿ ಅಳತೆ ಮುಗಿದ ಮೇಲೂ ಸುರಿಯುತ್ತಲೇ ಹೋದರು. ನನ್ನ ಪಾತ್ರೆ ಅಂಚಿನವರೆಗೆ ತುಂಬಿತು.

“ಇದೇನಮ್ಮ ಇಷ್ಟೊಂದು?”

“ಕೊಸರ್ನ ಲೆಕ್ಕ ಆಕ್ಬಾರ್ದು ಸಾರ್.”

“ಹಾಕ್ಬೋದು ಅಜ್ಜಿ,” ಹಿಂದಿನಿಂದ ಮೊಮ್ಮಗಳು ಹೇಳಿದಳು. “ಇವತ್ತು ಬೆಕ್ಕಿಗೆ ಏನೂ ಉಳಿಯಲ್ಲ.”