ಒಂದೇ ದೀಪದ ಬೆಳಕಿನಲ್ಲಿ ಅತ್ತೆ

ಕುಲಗೋಡದ ಅತ್ತೆಯ ಮೂಗುತಿಗೆ ಐದು ಹರಳು ಎಂದು ನನ್ನ ನೆನಪು, ಏಳಿದ್ದರೂ ಇರಬಹುದು. ಮೆಚ್ಚಿದ್ದನ್ನೆಲ್ಲ ತಿದ್ದಿ ತೀಡಿ ಇಟ್ಟುಕೊಳ್ಳುವ ಈ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲವಾದ್ದರಿಂದ, ಮುಂದೆ ಹೇಳುವುದರಲ್ಲಿ ಅಷ್ಟಿಷ್ಟು ಹೆಚ್ಚುಕಡಿಮೆಯಾದರೆ ನೀವು ದೊಡ್ಡ ಮನಸ್ಸು ಮಾಡಬೇಕು. ಆ ಮೂಗುತಿ ದೀಪದೆದುರು ಹೊಳೆಯುತ್ತಿದ್ದುದು ಮಾತ್ರ ನಿಜ. ಅದಕ್ಕೆ ನನ್ನ ಬಳಿ ಪುರಾವೆಯಿದೆ.

ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಮಹಾನವಮಿಗೆ ಘಟ ಕೂರಿಸಿದ ಮೇಲೆ ಅವಳ ದೇವರ ಖೋಲಿಯಲ್ಲಿ ಒಂದು ಎಣ್ಣೆದೀಪ ಹಬ್ಬ ಮುಗಿಯುವ ತನಕ ಆರದೆ ಉರಿಯಬೇಕು. ಇನ್ನೊಂದು ಬೆಳಕು ಆ ಹೊಸ್ತಿಲು ದಾಟಕೂಡದು. ಬಲ್ಬಿಗೆ ಆಗ ರಜೆ. ಸಂಜೆ ಅತ್ತೆ ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಎಣ್ಣೆ ಹೊಯ್ಯುವ ನೋಟವನ್ನು ಫೋಟೋದಲ್ಲಿ ಹಿಡಿದೇ ತೀರುತ್ತೇನೆಂದು ಹೋದ ವರ್ಷ ಹೊರಟೆ.

ಆಗ ನನ್ನಲ್ಲಿದ್ದ ಪುಟ್ಟ ಕ್ಯಾಮೆರಾದ ಸೆನ್ಸರ್, ಅಂದರೆ ಬೆಳಕನ್ನು ಹಿಡಿಯುವ ಒಳಗಿನ ಫಲಕ, ಒಂದು ಕಡಲೆಬೇಳೆಯಷ್ಟು. ಸಿಕ್ಕ ಚೂರು ಬೆಳಕು ಅದಕ್ಕೆ ಸಾಲದೆ, ಚಿತ್ರದ ತುಂಬ ಜೋಳದ ನುಚ್ಚು ಚೆಲ್ಲಿದಂತಾಯಿತು. ಬೆಳಕನ್ನು ಒಳಬಿಡುವ ಶಟರನ್ನು ಹೆಚ್ಚು ಹೊತ್ತು ತೆರೆದಿಟ್ಟೆ. ಅಷ್ಟರಲ್ಲಿ ಅತ್ತೆ ಸೊಸೆಯನ್ನು ಬೈಯಲು ತಿರುಗಿದಳು.

"ಯವ್ವಾ, ನನಗ ಎರಡ ಮೂಗು ಯಾವಾಗ ಬಂದ್ವು?" ಎಂದಳು ಚಿತ್ರ ನೋಡಿ. "ಒಂದಕ್ಕ ಮೂಗುತಿ ಮಾಡ್ಸೂದ್ರಾಗ ನಿಮ್ಮ ಮಾಮಾಗ ಸಾಕಸಾಕಾಗಿತ್ತು."

"ಒಂದ ಸಲ ಫ್ಲಾಶ್ ಹಾಕ್ಲೇನು ಅತ್ತಿ?"

"ಹಾಕ. ಹಾಕಿ, ಹಂಗ ಗೋಕಾಕ ಬಸ್ ಹತ್ತ."

ಈ ವರ್ಷ ಹಬ್ಬ ಮುಗಿದ ಮೇಲೆ ಅವಳ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಎಂದು ನಿಗದಿಯಾಯಿತು. ಅದಾದ ಮೇಲೆ ನೆಲದಲ್ಲಿ ಕೂರುವಂತಿಲ್ಲ. ದೀಪ ಇನ್ನು ಸೊಸೆಯದು. ನನಗೆ ಉಳಿದದ್ದು ಇದೊಂದೇ ಹಬ್ಬ. ಪದವಿ ಪರೀಕ್ಷೆಗೂ ತೋರದ ಶ್ರದ್ಧೆಯಿಂದ ಸೆನ್ಸರಿನ ವಿಷಯ ಓದಿದೆ. ತಿಳಿದದ್ದು ಇಷ್ಟೇ: ತುಂತುರು ಮಳೆಗೆ ಅಂಗಳದಲ್ಲಿ ಲೋಟವನ್ನೂ ರೊಟ್ಟಿಹಿಟ್ಟು ನಾದುವ ಪರಾತವನ್ನೂ ಇಟ್ಟರೆ ಪರಾತಕ್ಕೆ ಹೆಚ್ಚು ಹನಿ ಬೀಳುತ್ತವೆ, ಮಂದ ಬೆಳಕಿನಲ್ಲಿ ದೊಡ್ಡ ಸೆನ್ಸರಿನ ಭಾಗ್ಯವೂ ಅಷ್ಟೇ. ಹುಕ್ಕೇರಿಯ ಸ್ಟುಡಿಯೋದವರೊಬ್ಬರಲ್ಲಿ, ಕೈಚೀಲದಲ್ಲಿ ಹಿಡಿಸುವ, ಆದರೆ ಹೆಬ್ಬೆರಳ ಉಗುರಿನಷ್ಟು ಸೆನ್ಸರಿನ, ಬಳಸಿದ ಕ್ಯಾಮೆರಾ ಸಿಕ್ಕಿತು. "ಮೈ ಸಣ್ಣದ ಐತ್ರಿ ಅಕ್ಕಾರ, ಹೊಟ್ಟಿ ದೊಡ್ಡದೈತಿ," ಎಂದರು ಅವರು, ನನ್ನನ್ನು ನೋಡದೆ, ಪುಣ್ಯಕ್ಕೆ ಕ್ಯಾಮೆರಾವನ್ನೇ ನೋಡುತ್ತ.

ಹಬ್ಬದ ಸಂಜೆ ದೇವರ ಖೋಲಿಯ ಹೊಸ್ತಿಲಲ್ಲಿ ಕಾಳು ಅಳೆಯುವ ಶೇರನ್ನು ಬೋರಲು ಹಾಕಿ, ಅದರ ಮೇಲೆ ಕ್ಯಾಮೆರಾ ಇಟ್ಟು, ಉಸಿರು ಬಿಗಿಹಿಡಿದು ಒತ್ತಿದೆ. ಬಂತು! ನುಚ್ಚಿಲ್ಲದ ಕತ್ತಲು, ಕೆನ್ನೆಯ ಒಂದೊಂದು ಗೆರೆ, ಎಣ್ಣೆಯ ಎಳೆ, ಮೂಗುತಿ. ಮೂಡಲಗಿಯಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿ, ಯಮಕನಮರಡಿಯ ಬೀಗರವರೆಗೂ ಒಯ್ದು ತೋರಿಸಿ, ಕೇಳಿದವರಿಗೂ ಕೇಳದವರಿಗೂ ಸೆನ್ಸರ್ ಪುರಾಣ ಹೇಳಿದೆ. ಹೆಮ್ಮೆ ಇಂದಿಗೂ ಇಳಿದಿಲ್ಲ. ಇಳಿಸುವ ಅವಸರವೂ ನನಗಿಲ್ಲ.

ಆದರೆ ಮೊನ್ನೆ ಹರಳು ಎಣಿಸಲೆಂದು ಚಿತ್ರವನ್ನು ಹತ್ತಿರ ಹಿಡಿದಾಗ ಒಂದು ಅನುಮಾನ ಹುಟ್ಟಿತು. ಹರಳೇನೋ ಏಳೇ. ಶಟರು ಈ ಸಲವೂ ಸಾಕಷ್ಟು ಹೊತ್ತು ತೆರೆದಿತ್ತು. ದೀಪದ ಕುಡಿಯೇ ಹೊಯ್ದಾಡಿ ಮಸುಕಾಗಿದೆ, ಮೂಗುತಿ ಮಾತ್ರ ಅಲುಗಿಲ್ಲ. ಎಷ್ಟು ದೊಡ್ಡ ಸೆನ್ಸರಾದರೂ ಬೆಳಕನ್ನು ಹಿಡಿದೀತು, ಮೂಗನ್ನು ಹಿಡಿದು ನಿಲ್ಲಿಸಲಾರದು. ನೋಯುವ ಮೊಣಕಾಲು ಮಡಚಿಕೊಂಡು, ಯಾರನ್ನೂ ಬೈಯದೆ, ರೆಪ್ಪೆ ಸಹ ಬಡಿಯದೆ ಅತ್ತೆ ಅಷ್ಟು ಹೊತ್ತು ಕೂತಿದ್ದಳೆ?

ಶಸ್ತ್ರಚಿಕಿತ್ಸೆ ಮುಗಿಸಿ ಈಗ ಕುರ್ಚಿಯಲ್ಲಿ ಕೂರುವ ಅವಳನ್ನೇ ಹೋಗಿ ಕೇಳಿದೆ. ಚಿತ್ರವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ತನ್ನ ಮುಖವನ್ನು ತಾನೇ ಮೆಚ್ಚಿಕೊಳ್ಳುತ್ತ, ಅವಳು ತುಟಿಯಂಚಿನಲ್ಲಿ ನಕ್ಕಳು, ಅಷ್ಟೇ. ನಾನು ಕೇಳಿದ್ದು ಇಷ್ಟು:

"ಅತ್ತಿ, ಖರೇ ಹೇಳ. ಅವತ್ತ ಹಂಗ ಅಲುಗಾಡದ ಕುಂತಿದ್ದು ದೇವಿ ಸಲುವಾಗೋ, ನನ್ನ ಸಲುವಾಗೋ?"