ಸರ್‌ಗೆ ಸೋಲುವ ಮಕ್ಕಳು

ಎಷ್ಟೋ ವರ್ಷಗಳಿಂದ ನಾನು ಟೇಬಲ್ ಟೆನಿಸ್‌ನಲ್ಲಿ ಯಾರಿಗೂ ಸೋತಿಲ್ಲ. ಜಂಬಕ್ಕೆ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ, ದುಃಖ ತೋಡಿಕೊಳ್ಳುತ್ತಿದ್ದೇನೆ. ತಲೆ ಬೆಳ್ಳಗಾಗಿದೆ, ಮೊಣಕಾಲು ಮೆಟ್ಟಿಲು ಕಂಡರೆ ಗೊಣಗುತ್ತದೆ, ಕನ್ನಡಕವಿಲ್ಲದಿದ್ದರೆ ಚೆಂಡು ಎರಡಾಗಿ ಕಾಣುತ್ತದೆ. ಇಷ್ಟಾದರೂ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ನಾನು ಕಲಿಸಿದ ಒಂದು ಮಗುವೂ ನನ್ನನ್ನು ಸೋಲಿಸಿಲ್ಲ.

ನಾನು ಟೇಬಲ್ ಟೆನಿಸ್ ಕೋಚ್. ಹೆಣ್ಣು ನೋಡಲು ಹೋದಾಗಲೂ ಇದನ್ನೇ ಹೇಳಿದ್ದೆ. ಮಾವನಾಗಬೇಕಿದ್ದವರು ಅವಲಕ್ಕಿ ಮುಂದಿಟ್ಟು, "ಅದು ಇರ್ಲಿ ಬಿಡ್ರಿ, ನೌಕರಿ ಏನ್ ಮಾಡ್ತೀರಿ?" ಎಂದು ಕೇಳಿದ್ದರು. ಅವರು ಮಾವನಾಗಲಿಲ್ಲ. ನಮ್ಮಪ್ಪನದು ಹಾನಗಲ್ಲಿನಲ್ಲಿ ಭತ್ತದ ದಲಾಲಿ ಅಂಗಡಿ. ಅಲ್ಲಿಯ ಗಾದಿ ಬಿಟ್ಟು, ಬ್ಯಾಟು ಚೀಲಕ್ಕೆ ಹಾಕಿಕೊಂಡು ದಿನಕ್ಕೊಂದು ಊರಿನ ಬಸ್ ಹತ್ತುವ ಮಗನನ್ನು ಕಂಡು, ಇದು ಹುಡುಗಾಟ, ಇವತ್ತಲ್ಲ ನಾಳೆ ಇಳಿದೀತು ಎಂದೇ ಅವರು ಕೊನೆಯವರೆಗೂ ನಂಬಿದ್ದರು. ಇಳಿಯಲಿಲ್ಲ.

ಈ ಆಟ ಹುಟ್ಟಿದ್ದು ಇಂಗ್ಲೆಂಡಿನ ಸಾಹೇಬರ ಊಟದ ಮೇಜಿನ ಮೇಲಂತೆ. ನಮ್ಮ ಕಡೆಯ ಮೇಜು ತನ್ನ ತವರನ್ನು ಇನ್ನೂ ಮರೆತಿಲ್ಲ. ನಾನು ಕಲಿಸುವ ಸಭಾಭವನದಲ್ಲಿ ಮದುವೆಯಿದ್ದರೆ ನೆಟ್ಟು ಬಿಚ್ಚಿ, ಅದರ ಮೇಲೆ ಬುಂದಿ ಹರವಿ ಲಾಡು ಕಟ್ಟುತ್ತಾರೆ. ಸವಣೂರಿನಲ್ಲಿ ವೀಳ್ಯದೆಲೆಯ ಪೆಂಡಿ ಜೋಡಿಸುತ್ತಾರೆ. ಮಾರನೆಯ ದಿನ ಎಷ್ಟು ಒರೆಸಿದರೂ ಚೆಂಡಿಗೆ ಅಲ್ಲಲ್ಲಿ ಪಾಕ ಅಂಟಿ ಪುಟಿಯಲು ಬೇಸರ. ಇದನ್ನೆಲ್ಲ ನಾನು ಸಹಿಸಿಕೊಂಡಿದ್ದೇನೆ. ಸಹಿಸಲಾಗದ್ದು ಮಕ್ಕಳ ವಿನಯ.

ನಮ್ಮ ಮಕ್ಕಳು ಆಟಕ್ಕೆ ಮೊದಲು ಗುರುವಿನ ಕಾಲು ಮುಟ್ಟಿ ನಮಸ್ಕರಿಸುತ್ತಾರೆ. ಕಾಲು ಮುಟ್ಟಿದ ಮೇಲೆ ಅದೇ ಮನುಷ್ಯನ ಎದೆಗೆ ಚೆಂಡು ಬಾರಿಸುವುದು ಹೇಗೆ? ತಮ್ಮತಮ್ಮಲ್ಲಿ ಆಡುವಾಗ ಹುಲಿಗಳು. ನನ್ನೆದುರು ನಿಂತರೆ ಮಾತ್ರ ತುಂಬಿದ ಮಜ್ಜಿಗೆ ಲೋಟ ಕೊಡುವಂತೆ ಚೆಂಡನ್ನು ಮೆಲ್ಲಗೆ ದಾಟಿಸುತ್ತಾರೆ. ಅದು ಅಂಚಿಗೆ ತಾಗಿ ಅವರಿಗೊಂದು ಪಾಯಿಂಟು ಬಂದರೆ ತಪ್ಪಾಯಿತೆಂದು ಕೈಮುಗಿಯುತ್ತಾರೆ. ಕೋಚ್ ಆದವನಿಗೆ ಇರುವುದು ಒಂದೇ ಆಸೆ, ತಾನು ಕಲಿಸಿದವರ ಕೈಯಲ್ಲೇ ಒಮ್ಮೆ ಮಣ್ಣು ಮುಕ್ಕಬೇಕು. ಅದಕ್ಕಾಗಿ ಹಂಬಲಿಸಿದಷ್ಟು ನಾನು ಲಗ್ನಕ್ಕೂ ಹಂಬಲಿಸಿಲ್ಲ.

ಹಿರೇಬೆಂಡಿಗೇರಿಯಿಂದ ಶಿಗ್ಗಾಂವಿಗೆ ಬಂದು ಕಲಿಯುತ್ತಿದ್ದ ಗಿರಿಜಾ ಈ ಆಸೆ ತೀರಿಸುತ್ತಾಳೆಂದು ಕಾದಿದ್ದೆ. ಅವಳ ಮಣಿಕಟ್ಟಿನ ತಿರುವು ನೋಡುತ್ತಿದ್ದರೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಆದರೆ ನನ್ನ ಜೊತೆ ಮೆಲ್ಲಗೆ ಆಡಿ ಆಡಿ ಆ ಕೈ ಎಲ್ಲಿ ಮೊಂಡಾಗುತ್ತದೋ ಎಂಬ ಭಯವೂ ಇತ್ತು. ಈಚೆಗೆ ಒಂದು ಸಂಜೆ ನನ್ನನ್ನು ಗೆಲ್ಲಲು ಅವಳಿಗೆ ಒಂದೇ ಪಾಯಿಂಟು ಬೇಕಿತ್ತು. ಕಣ್ಣು ಮುಚ್ಚಿಕೊಂಡು ಹೊಡೆಯಬಹುದಾದಷ್ಟು ಎತ್ತರಕ್ಕೆ ಎದ್ದು ಬಂದ ಚೆಂಡನ್ನು ಅವಳು ನೆಟ್ಟಿಗೆ ಹಾಕಿದಳು. ಮುಂದಿನದನ್ನೂ ಹಾಗೆಯೇ ಬಿಟ್ಟುಕೊಟ್ಟಳು, ಅದರ ಮುಂದಿನದನ್ನೂ. ಗೆದ್ದ ನಾನು ಸಿಟ್ಟಿನಿಂದ ಬ್ಯಾಟು ಕುಕ್ಕಿ, ಬೇಕಂತಲೇ ಯಾಕೆ ಸೋತೆ ಎಂದು ಕೇಳಿದೆ. ಗಿರಿಜಾ ತಲೆ ತಗ್ಗಿಸಿದಳು.

"ನಿಮ್ಮನ್ನ ಸೋಲಿಸಿದ್ರ ನಾ ಮತ್ತ ಯಾರ ಹತ್ರ ಕಲೀಲ್ರಿ ಸರ್?"

ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ಗೊತ್ತಿದ್ದದ್ದೇ ಸಂಕಟ. ಹುಬ್ಬಳ್ಳಿಯಲ್ಲಿ ನನಗಿಂತ ಚೆನ್ನಾಗಿ ಬಲ್ಲ ಕೋಚ್ ಮೇಡಂ ಒಬ್ಬರಿದ್ದಾರೆ. ಗಿರಿಜಾಳ ಚಿಗವ್ವನ ಮನೆಯೂ ಅದೇ ಊರಿನಲ್ಲಿದೆ. ಅವಳ ಅಪ್ಪನನ್ನು ಒಪ್ಪಿಸಿ, ಕಳೆದ ವಾರ ಇಬ್ಬರನ್ನೂ ನಾನೇ ಕರೆದುಕೊಂಡು ಹೋದೆ.

ನೋಡೋಣ ಎಂದು ಮೇಡಂ ಮೇಜಿನ ಆಚೆ ನಿಂತರು. ಗಿರಿಜಾ ಕಾಲಿಗೆ ಬಗ್ಗುವಷ್ಟರಲ್ಲಿ ಚೆಂಡು ಹಾಕಿಯೇಬಿಟ್ಟರು. ಅವಳಿಗೆ ನಮಸ್ಕರಿಸಲು ಪುರಸೊತ್ತು ಸಿಗಲಿಲ್ಲ. ಸ್ವಲ್ಪ ಹೊತ್ತಿಗೆ ಅವಳು ಎಂಥ ಹೊಡೆತ ಹೊಡೆದಳೆಂದರೆ, ಮೇಡಂ ಬ್ಯಾಟು ಎತ್ತುವ ಮೊದಲೇ ಚೆಂಡು ಹಿಂದಿನ ಗೋಡೆಗೆ ಬಡಿದು ಉರುಳುತ್ತಿತ್ತು. ನಾನು ಅವಳ ಅಪ್ಪನ ಪಕ್ಕ ಬೆಂಚಿನ ಮೇಲೆ ಕೂತಿದ್ದೆ. ಆ ಹೊಡೆತ ಕಲಿಸಿದವನು ನಾನೇ. ಅದು ನನ್ನ ಕಡೆಗೆ ಒಮ್ಮೆಯೂ ಬಂದಿರಲಿಲ್ಲ.

ಅವಳನ್ನು ಅಲ್ಲಿ ಒಪ್ಪಿಸಿ ಹಾನಗಲ್ ಬಸ್ ಹತ್ತಿದೆ. ಆ ಚೆಂಡು ನನಗೆ ಬಂದಿದ್ದರೆ ತಡೆಯುತ್ತಿದ್ದೆನೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ನನ್ನ ಕೈಲಿ ಆಗುತ್ತಿರಲಿಲ್ಲ. ಊರು ಬರುವ ಹೊತ್ತಿಗೆ ನಾನು ಸೋತದ್ದು ಖಾತ್ರಿಯಾಗಿತ್ತು. ಎದುರಿಗೆ ನಿಂತು ಸೋಲುವ ಭಾಗ್ಯ ಮಾತ್ರ ಬೇರೆಯವರ ಪಾಲಾಯಿತು.